ಸೂರ್ಯನ ಶುಗರ್ ಎಷ್ಟು

ಆ ಕಪ್ಪು ಗಾಜನ್ನು ನಾನು ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದಾಗ ಆಮ್ರಪಾಲಿ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು.

"ಆಪಾ! ಏನ್ ಮಾಡಿದ್ರಿ ಇದು? ಹೊಸಾದ್ರಿ ಅದು!"

"ಹೊಸಾದಿತ್ತು, ಅದಕ್ಕ ಒಡದೆ. ಹಳೇದಾಗೂತನಕ ಬಿಟ್ಟಿದ್ದರ ಯಾರದರೆ ಕಣ್ಣು ತಿಂದಿರ್ತಿತ್ತು," ಎಂದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಿಜಯಪುರದ ಅಥಣಿ ರಸ್ತೆಯಲ್ಲಿ ಚಸ್ಮಾ ಅಂಗಡಿ ಇಟ್ಟುಕೊಂಡವಳಿಗೆ ಇದು ಒಳ್ಳೆಯದಲ್ಲ ಎಂದು ನನ್ನ ಅಮ್ಮಿ ಪೀರಾಂಬಿ ದಿನಾ ಗೊಣಗುತ್ತಾಳೆ. ಗೊಣಗಲಿ. ಗಿರಾಕಿಗಳು ನನ್ನಿಂದ ಬೈಸಿಕೊಂಡೂ ಮತ್ತೆ ಬರುತ್ತಾರೆ. ತಬಸ್ಸುಮ್ ಬೈದರೂ ಕಣ್ಣಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎಂದು ಅವರಿಗೆ ಗೊತ್ತು. ಫಿಜಿಕ್ಸಿನಲ್ಲಿ ಬಿಎಸ್ಸಿ ಮಾಡಿ ಚಸ್ಮಾ ಮಾರುತ್ತೇನೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಇಬ್ರಾಹಿಂಪುರದ ನಮ್ಮ ಮಾಳಿಗೆಯ ಮೇಲೆ ದೂರದರ್ಶಕ ಹೂಡಿ ಸೂರ್ಯನ ಮೈಮೇಲಿನ ಕಲೆಗಳ ಚಿತ್ರ ಬರೆಯುತ್ತೇನೆ. "ತಬಸ್ಸುಮ್ಮಾ ಸೂರ್ಯಾನ ಚಸ್ಮಾ ನಂಬರ್ ತಗಿಯಾಕತ್ತಾಳ ನೋಡ್ರಿ" ಎಂದು ಓಣಿಯವರು ನಗುತ್ತಾರೆ. ಅದೂ ನಗಲಿ.

ಆಮ್ರಪಾಲಿ ಹೊನವಾಡದವಳು. ಬಬಲೇಶ್ವರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ತಿಕೋಟಾದಲ್ಲಿ ಬಸ್ ಬದಲಿಸಿ ಓಡಾಡುವ ಹುಡುಗಿ. ಅವಳ ಚಸ್ಮಾ ನಾನೇ ಮಾಡಿಕೊಟ್ಟದ್ದು. ಆ ದಿನ ಅವಳು ಒಂದು ಉದ್ದನೆಯ ಡಬ್ಬಿ ಹೊತ್ತು ಬಂದಿದ್ದಳು. ಅದರಲ್ಲಿ ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ ದೂರದರ್ಶಕವಿತ್ತು. ಸೂರ್ಯನನ್ನು ನೋಡಲಿಕ್ಕೆಂದು ಒಂದು ಕಪ್ಪು ಗಾಜಿನ ಬಿಲ್ಲೆಯನ್ನೂ ಜೊತೆಗೆ ಕೊಟ್ಟಿದ್ದರು. ಕಣ್ಣಿಡುವ ಕಡೆಯ ಮಸೂರಕ್ಕೆ ತಿರುಗಿಸಿ ಕೂರಿಸುವಂಥದ್ದು. ನಾನು ಪುಡಿ ಮಾಡಿದ್ದು ಅದನ್ನೇ.

"ಕೂಡು ಬೇ, ಹೇಳತೇನಿ," ಎಂದೆ. "ಇಷ್ಟು ಅಗಲದ ಬಾಯಿಲೆ ಬಿಸಿಲೆಲ್ಲಾ ನುಂಗಿ, ಅದನ್ನೆಲ್ಲಾ ಒಂದ ಕಡೆ ಉಗಳತೈತಿ ಈ ದೂರದರ್ಶಕ. ಎಲ್ಲಿ ಉಗಳತೈತಿ? ಈ ಬಿಲ್ಲಿ ಮ್ಯಾಲ. ಬಿಲ್ಲಿ ಕಾದು ಕಾದು ಚಟ್ ಅಂತ ಸೀಳಿತಂದ್ರ ಅದರ ಹಿಂದ ಏನೈತಿ? ನಿನ್ನ ಕಣ್ಣು. ರೆಪ್ಪಿ ಬಡಿಯಾಕೂ ಟೈಮ್ ಸಿಗಂಗಿಲ್ಲ. ಬಿಸಿಲನ್ನ ಮನಿ ಒಳಗ ಬಿಟ್ಟುಕೊಂಡು ಅಡಗಿಮನ್ಯಾಗ ತಡಿಯೂದಲ್ಲ. ತಲಬಾಗಿಲದಾಗ ತಡೀಬೇಕು."

ಅವಳು ಕುಳಿತಳು. ಗಾಜಿನ ಪುಡಿಯನ್ನು ಕಾಗದದ ಚೂರಿನಿಂದ ಒಂದು ಕಡೆ ಸರಿಸಿದಳು.

"ಇದನ್ನ ತರಿಸಿದ್ದು ನಾ ಅಲ್ರಿ ಆಪಾ. ನಮ್ಮಪ್ಪ," ಎಂದಳು. "ನಮ್ಮಪ್ಪಗ ಒಂದ ಕಣ್ಣೈತ್ರಿ."

ಅವಳ ಅಪ್ಪ ರಾಯಪ್ಪ ಹೊನವಾಡದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ವರ್ಷಗಳ ಹಿಂದೆ ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಬಳ್ಳಿ ಹಬ್ಬಿಸುವ ತಂತಿಯನ್ನು ಜಗ್ಗಿ ಬಿಗಿಯುವಾಗ ತಂತಿ ಹರಿದು ಎಡಗಣ್ಣಿಗೆ ಬಡಿದಿತ್ತಂತೆ. ಉಳಿದ ಬಲಗಣ್ಣಿನಲ್ಲೇ ಪಡ ನೋಡಿಕೊಳ್ಳುತ್ತಾರೆ, ಮೋಟರ್ ಸೈಕಲ್ ಹೊಡೆಯುತ್ತಾರೆ, ಹಣ್ಣಿನ ಶುಗರ್ ಅಳೆಯುತ್ತಾರೆ. ಸೂರ್ಯನ ಮೈಮೇಲೆ ಭೂಮಿಗಿಂತ ದೊಡ್ಡ ಕಲೆಗಳಿವೆ ಎಂದು ಯಾವುದೋ ವಿಡಿಯೋದಲ್ಲಿ ನೋಡಿದಾಗಿನಿಂದ ಅವರಿಗೆ ಒಂದೇ ಹಟ. "ನನ್ನ ದ್ರಾಕ್ಷಿಗೆ ಸಕ್ಕರಿ ತುಂಬಾವನ ಮಾರಿ ಒಮ್ಮೆ ನಾ ನೋಡಬೇಕು" ಅನ್ನುತ್ತಾರಂತೆ.

"ಬ್ಯಾಡ ಅಂದ್ರ ಕೇಳಂಗಿಲ್ರಿ. ಯಾರ ಮಾತೂ ಕೇಳಂಗಿಲ್ಲ. ನಾ ಸಾಲಿಗೆ ಹೋದಾಗ ತಗದು ನೋಡೇ ನೋಡತಾನ. ಆ ಒಂದ ಕಣ್ಣೂ ಹೋತಂದ್ರ ನಮ್ಮಪ್ಪ ಬದುಕಂಗಿಲ್ರಿ ಆಪಾ. ಕೈ ಹಿಡಸ್ಕೊಂಡು ನಡಿಯೂ ಮನಷ್ಯಾ ಅಲ್ಲಂವ." ಅವಳು ಚಸ್ಮಾ ತೆಗೆದು ಕಣ್ಣೊರೆಸಿಕೊಂಡಳು.

"ಅಳಬ್ಯಾಡ. ಮಾತು ಕೇಳೂ ಶಾಣ್ಯಾರಿಗೆ ಯಾರ ಬೇಕಾದ್ರೂ ತಯಾರ ಮಾಡಿಕೊಡ್ತಾರ. ನಾವು ಮಾತು ಕೇಳದ ಮನಷ್ಯಾಗ ಆಗೂವಂಗ ತಯಾರ ಮಾಡೂಣು," ಎಂದೆ. ಆ ಮಾತು ನನಗೇ ಬಹಳ ಹಿಡಿಸಿತು.

ದಿನಾ ಶಾಲೆ ಬಿಟ್ಟ ಮೇಲೆ ಅವಳು ನನ್ನ ಅಂಗಡಿಗೆ ಬರತೊಡಗಿದಳು. ಹಿಂದಿನ ಕೋಣೆಯಲ್ಲಿ, ಗಾಜು ತಿಕ್ಕುವ ಮಷೀನಿನ ಪಕ್ಕದಲ್ಲಿ, ಇಬ್ಬರೂ ಕೂತು ಕೆಲಸ ಮಾಡುತ್ತಿದ್ದೆವು. ನನ್ನ ಬಳಿ ಸೂರ್ಯನನ್ನು ನೋಡಲಿಕ್ಕೆಂದೇ ತಯಾರಿಸುವ ಬೆಳ್ಳಿ ಬಣ್ಣದ ಹಾಳೆಯ ತುಂಡೊಂದಿತ್ತು. ಅದನ್ನು ಬಲ್ಬಿಗೆ ಹಿಡಿದು ಸೂಜಿಮೊನೆಯಷ್ಟು ತೂತೂ ಇಲ್ಲವೆಂದು ನೋಡಿಕೊಂಡೆವು. ದೂರದರ್ಶಕದ ಮುಂದಿನ ಬಾಯಿ ಪೂರ್ತಿ ಮುಚ್ಚುವಂತೆ ದಪ್ಪ ರಟ್ಟಿನ ಬಳೆ ಮಾಡಿ ಹಾಳೆಯನ್ನು ಅದಕ್ಕೆ ಅಂಟಿಸಿದೆವು. ಆಮ್ರಪಾಲಿ ಹಾಳೆಯನ್ನು ಜಗ್ಗಿ ಬಿಗಿಮಾಡಲು ಹೊರಟಾಗ ಅವಳ ಕೈ ಹಿಡಿದೆ. ಸುಕ್ಕಿದ್ದರೆ ಏನೂ ಕೆಡುವುದಿಲ್ಲ. ಎಳೆದರೆ ಚಿತ್ರ ಕೆಡುತ್ತದೆ, ಹಾಳೆಯೂ ಹರಿಯಬಹುದು. ನಮ್ಮ ಕಡೆಯ ಗಾಳಿಗೆ ಬಳೆ ಹಾರಿ ಹೋಗಬಾರದೆಂದು ಸುತ್ತಲೂ ಸ್ಕ್ರೂ ಹಾಕಿ, ತಲೆಗಳ ಮೇಲೆ ಅಂಟು ಸುರಿದೆ.

ದೊಡ್ಡ ಕೊಳವೆಯ ಬೆನ್ನ ಮೇಲೆ ಗುರಿ ಹಿಡಿಯಲು ಇನ್ನೊಂದು ಸಣ್ಣ ದುರ್ಬೀನು ಇರುತ್ತದೆ. ಎಲ್ಲರೂ ದೊಡ್ಡದರ ಬಾಯಿ ಮುಚ್ಚಿ ಇದನ್ನು ಮರೆಯುತ್ತಾರೆ. ಅದನ್ನು ಕಿತ್ತು ನನ್ನ ಡ್ರಾವರಿಗೆ ಹಾಕಿ ಬೀಗ ಜಡಿದೆ.

"ಮತ್ತ ಗುರಿ ಹೆಂಗ್ರಿ ಹಿಡಿಯೂದು?"

"ನೆರಳು ನೋಡಬೇಕು. ಕೊಳವಿ ನೆರಳು ನೆಲದ ಮ್ಯಾಲ ಉದ್ದ ಇದ್ದರ ತಪ್ಪು. ತಿರಗಸ್ತಾ ಹೋಗು. ನೆರಳು ಮುದುಡಿ ಗುಂಡಗಾತಂದ್ರ ಸೂರ್ಯಾ ಸಿಕ್ಕ."

ನಡುಗುವ ಮೂರು ಕಾಲಿನ ಸ್ಟ್ಯಾಂಡಿಗೆ ಕಲ್ಲು ತುಂಬಿದ ಚೀಲ ಜೋತು ಹಾಕಲು ಹೇಳಿದೆ. ತಗಡಿನ ಶೆಡ್ಡಿನ ಹತ್ತಿರ ನಿಂತು ನೋಡಬೇಡ, ಕಾದ ತಗಡಿನ ಮೇಲಿನ ಗಾಳಿ ಕುದಿಯುತ್ತದೆ, ಸೂರ್ಯನ ಅಂಚು ಅಲುಗಾಡುತ್ತದೆ. ಬೆಳಿಗ್ಗೆ ಬಳ್ಳಿಗಳ ನಡುವೆ, ಹಸಿ ಮಣ್ಣಿನ ಮೇಲೆ ಹೂಡು ಎಂದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಹೀಗೆ ಕೇಳುವವರು ಸಿಕ್ಕರೆ ನಾನು ಊಟ ಮರೆಯುತ್ತೇನೆ.

ಆಮೇಲೆ ಸಾಲಿಯ ಮಕ್ಕಳಿಗೆಂದು ಅವಳು ಇನ್ನೊಂದು ಉಪಕರಣ ಕೇಳಿದಳು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ. ಅದಕ್ಕೇನು ದೊಡ್ಡ ಸಾಮಾನು ಬೇಕಾಗಿಲ್ಲ. ಅಂಗೈ ಉದ್ದದ ಕೊಳವೆ, ಒಳಗೆ ಕರಿ ಕಾಗದ. ಒಂದು ತುದಿಗೆ ಎರಡು ಬ್ಲೇಡುಗಳ ಅಲಗನ್ನು ಎದುರುಬದುರು ಇಟ್ಟು ನಡುವೆ ಕೂದಲೆಳೆಯಷ್ಟು ಸೀಳು. ಇನ್ನೊಂದು ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿರುವ ಪಾರದರ್ಶಕ ಹಾಳೆಯ ಚೂರು. ಆ ಕೋಣೆಯ ಮೂಲೆಯಲ್ಲೇ ಅಮ್ಮಿ ಚಹಾಕ್ಕೆ ಒಲೆ ಹಚ್ಚಿದ್ದಳು. ಪಾತ್ರೆಯನ್ನು ಚೂರು ಪಕ್ಕಕ್ಕೆ ಸರಿಸಿ, ಉರಿಗೆ ಚಿಟಿಕೆ ಉಪ್ಪು ಹಾಕಿ, ಕೊಳವೆಯನ್ನು ಆಮ್ರಪಾಲಿಯ ಕೈಗೆ ಕೊಟ್ಟೆ.

"ಹಳದಿ ಗೆರಿ! ಒಂದ ಗೆರಿ ಝಗ್ ಅಂತೈತ್ರಿ!"

"ಈಗ ಬಾಗಿಲದಾಗ ನಿಂದರು. ಬಿಸಿಲು ಬಿದ್ದ ಬಿಳೇ ಗ್ವಾಡಿ ನೋಡು. ಅದ ಜಾಗಾದಾಗ ಏನೈತಿ?"

ಅವಳು ನೋಡಿದಳು. "ಕರೀ ಗೆರಿ."

"ಒಲ್ಯಾಗಿನ ಉಪ್ಪು ಹಳದಿ ಬೆಳಕು ಕೊಡತೈತಿ. ಉಪ್ಪಿನ್ಯಾಗಿನ ಸೋಡಿಯಂ ಸೂರ್ಯಾನ ಮೈಮ್ಯಾಲೂ ಐತಿ, ಅದು ಅದ ಹಳದಿನ್ನ ನುಂಗತೈತಿ. ಅಲ್ಲಿಗೆ ಹೋಗದನ ಅಲ್ಲಿ ಉಪ್ಪಿನ ಅಂಶ ಐತಿ ಅಂತ ಗೊತ್ತಾತಲ್ಲ?"

"ನನ್ನ ಚಾದಾಗ ಉಪ್ಪು ಬಿತ್ತಲ್ಲ ಬೇ, ಅದರ ಗತಿ ಏನು?" ಎಂದಳು ಅಮ್ಮಿ.

ಕೊಳವೆಯನ್ನು ನೇರ ಸೂರ್ಯನಿಗೆ ಹಿಡಿಯಬಾರದು. ಬಿಳಿ ಗೋಡೆ, ಬಿಳಿ ಬಟ್ಟೆ, ಇಲ್ಲವೇ ಬಿಳಿ ಕಾಗದ ಅಷ್ಟೇ ನೋಡಬೇಕೆಂದು ಮತ್ತೆ ಮತ್ತೆ ಹೇಳಿದೆ. ಆಮ್ರಪಾಲಿ ಮಾತು ಕೇಳುವ ಹುಡುಗಿ. ಹೇಳಿದರೆ ಸಾಕೆಂದು ಬಿಟ್ಟುಬಿಟ್ಟೆ.

ಐತವಾರ, ಶಾಲೆಗೆ ರಜೆಯ ದಿನ, ಹೊನವಾಡಕ್ಕೆ ಹೋದೆ. ದ್ರಾಕ್ಷಿ ಹಣ್ಣಾಗುವ ಕಾಲ. ಪಡದ ಅಂಚಿನ ಶೆಡ್ಡಿನಲ್ಲಿ ಹಸಿರು ಬಲೆಯ ಕೆಳಗೆ ಒಣದ್ರಾಕ್ಷಿ ಹರವಿದ್ದರು. ರಾಯಪ್ಪ ಕಾಕಾ ಎತ್ತರದ ಆಳು, ತಲೆಗೆ ರುಮಾಲು, ಎಡಗಣ್ಣಿನ ರೆಪ್ಪೆ ಮುಚ್ಚಿಕೊಂಡೇ ಇರುತ್ತದೆ. ದೂರದರ್ಶಕದ ಬಾಯಿಯ ಬಳೆಯನ್ನು ತಿರುಗಿಸಿ ನೋಡಿದರು. ಜಗ್ಗಿ ನೋಡಿದರು. ಉಗುರಿನಿಂದ ಸ್ಕ್ರೂ ಕೆದರಿದರು.

"ಏನ ಯವ್ವಾ, ನನ್ನ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನು?"

"ಇಲ್ರಿ ಕಾಕಾ. ನಿಮ್ಮ ಮಗಳು ಎಲ್ಲಾ ಹೇಳ್ಯಾಳ," ಎಂದೆ.

ಅವರು ಗಹಗಹಿಸಿ ನಕ್ಕರು. ಆಮ್ರಪಾಲಿ ನೆರಳು ಗುಂಡಗಾಗುವವರೆಗೆ ಕೊಳವೆ ತಿರುಗಿಸಿ ಅಪ್ಪನನ್ನು ಕರೆದಳು. ಅವರು ಬಗ್ಗಿ ಬಲಗಣ್ಣು ಇಟ್ಟರು. ಇಟ್ಟವರು ತೆಗೆಯಲೇ ಇಲ್ಲ. ಹೆಂಡತಿ ಪರಸವ್ವ ಬುಟ್ಟಿ ಕೆಳಗಿಟ್ಟು ಬಂದು, "ನನಗೂ ನೋಡಾಕ ಬಿಡ್ರಿ, ಕಣ್ಣು ಅದಕ್ಕ ಹೊಲಿದಿಟ್ಟೀರೇನು?" ಎಂದು ಗಂಡನನ್ನು ಸರಿಸಿ ತಾನೂ ನೋಡಿದಳು.

"ಅಯ್ಯ ನಮ್ಮವ್ವಾ! ಇದು ನನ್ನ ಜ್ವಾಳದ ರೊಟ್ಟಿ ಆಗೇತಲ್ಲ! ಬೆಳ್ಳಗೈತಿ, ಅಲ್ಲಲ್ಲಿ ಸುಟ್ಟ ಕಲಿ ಬಿದ್ದಾವ!"

ಕೆಲಸದ ಹೆಣ್ಣುಮಕ್ಕಳೂ ಆಳುಗಳೂ ಸಾಲಾಗಿ ಬಂದು ನೋಡಿದರು. ನಾನು ಪಡದ ಬದುವಿನ ಮೇಲೆ ಕೂತು ಚಹಾ ಕುಡಿದೆ. ನನ್ನ ಬಳೆ ನಿಂತಿತ್ತು, ನನ್ನ ಸ್ಕ್ರೂ ನಿಂತಿತ್ತು, ಕಾಕಾನ ಕಣ್ಣು ಸುರಕ್ಷಿತವಾಗಿತ್ತು. ನನ್ನಷ್ಟು ಜಾಣೆ ವಿಜಯಪುರ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ ಎಂದು ಆಗ ಅನ್ನಿಸಿದ್ದು ಸುಳ್ಳಲ್ಲ.

ಅಷ್ಟರಲ್ಲಿ ಆಳೊಬ್ಬ ಬಂದು ಆಚೆಯ ಸಾಲು ಕಟಾವಿಗೆ ಬಂದಿದೆಯೇ ಎಂದು ಕೇಳಿದ. ಕಾಕಾ ಕಿಸೆಯಿಂದ ಗೇಣುದ್ದದ ಕೊಳವೆ ತೆಗೆದರು. ಅದು ಬ್ರಿಕ್ಸ್ ಮೀಟರ್. ಹಣ್ಣಿನಲ್ಲಿ ಸಕ್ಕರೆ ಎಷ್ಟೆಂದು ನೋಡಲು ದ್ರಾಕ್ಷಿ ಬೆಳೆಯುವವರೆಲ್ಲ ಇಟ್ಟುಕೊಳ್ಳುತ್ತಾರೆ. ಒಂದು ಹಣ್ಣು ಹಿಂಡಿ, ತುದಿಯ ಗಾಜಿನ ಮೇಲೆ ರಸ ಹಚ್ಚಿ, ಮಬ್ಬು ಪ್ಲಾಸ್ಟಿಕ್ಕಿನ ಮುಚ್ಚಳ ಮುಚ್ಚಿ, ಕೊಳವೆಯನ್ನು ಬಿಸಿಲಿನ ಕಡೆ ಎತ್ತಿ ಕಣ್ಣಿಟ್ಟರು. "ಇನ್ನೂ ನಾಕು ದಿನಾ ತಡೀಲಿ" ಎಂದು ಹೇಳಿ, ಧೋತರದ ಚುಂಗಿನಿಂದ ಒರೆಸಿ ಕಿಸೆಗೆ ಹಾಕಿದರು. ಇದನ್ನೆಲ್ಲ ನಾನು ಎದುರಿಗೇ ಕೂತು ನೋಡಿದೆ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

ಚಹಾದ ಲೋಟ ಇಟ್ಟು ಚೀಲದಿಂದ ರೋಹಿತದರ್ಶಕ ತೆಗೆದು ಕಾಕಾನ ಕೈಗೆ ಕೊಟ್ಟೆ.

"ಬೆಳಕಿನ್ಯಾಗ ಏನೇನೈತಿ ಅಂತ ತೋರಸತೈತ್ರಿ ಇದು. ತಡೀರಿ, ಬಿಳೇ ಅರಬಿ ಹಾಸತೇನಿ. ಅದನ್ನ ನೋಡೂದು, ಮ್ಯಾಲ ನೋಡೂದಲ್ಲ."

ಹೇಳಿ ಬಟ್ಟೆ ಹಾಸಲು ಬಗ್ಗಿದೆ. ತಿರುಗಿ ನೋಡಿದರೆ ಕಾಕಾ ಕೊಳವೆಯ ಸೀಳಿನ ಮೇಲೆ ಹೆಬ್ಬೆರಳು ಆಡಿಸುತ್ತ ರಸ ಹಚ್ಚುವ ಜಾಗ ಹುಡುಕುತ್ತಿದ್ದರು.

"ಸೂರ್ಯಾನ ಶುಗರ್ ಎಷ್ಟು ಬಂದೈತಿ ನೋಡೂಣು!" ಎಂದು ಆಳುಗಳ ಕಡೆ ನಗುತ್ತ, ಜೀವಮಾನವಿಡೀ ಎತ್ತಿದಂತೆಯೇ ಕೊಳವೆಯನ್ನು ನೇರ ಸೂರ್ಯನಿಗೆ ಎತ್ತಿ, ಬಲಗಣ್ಣನ್ನು ಹತ್ತಿರ ತಂದರು.

ಕೂಗಲು ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ. ಕೈ ಮುಂದೆ ಹೋಗಿತ್ತು. ಮುಂಗೈಗೆ ಬಡಿದ ಪೆಟ್ಟು ಜಾರಿ ಕಪಾಳಕ್ಕೂ ಬಿತ್ತು. ಕೊಳವೆ ಹಾರಿ ಕಲ್ಲಿನ ಕಂಬಕ್ಕೆ ತಾಗಿ ಒಡೆಯಿತು. ಬ್ಲೇಡುಗಳು ಮಣ್ಣಿಗೆ ಬಿದ್ದು ಮಿಂಚಿದವು.

ಆ ಮನುಷ್ಯನ ಸ್ವಂತ ಹೊಲದಲ್ಲಿ, ಅವರ ಹೆಂಡತಿ, ಮಗಳು, ಆಳುಗಳ ಎದುರಿಗೆ, ಬೆಳಿಗ್ಗೆ ಬಸ್ಸಿಳಿದು ಬಂದ ಹೆಂಗಸೊಬ್ಬಳು ಅವರ ಕಪಾಳಕ್ಕೆ ಹೊಡೆದಿದ್ದಳು. ಕಾಕಾ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. ಜಾರಿದ ರುಮಾಲನ್ನು ಸರಿಮಾಡಿಕೊಂಡು ಬಳ್ಳಿಗಳ ನಡುವೆ ನಡೆದು ಹೋದರು. ನಾನು ಹೊರಡುವವರೆಗೂ ತಿರುಗಿ ಬರಲಿಲ್ಲ.

"ಉಂಡಾದ್ರೂ ಹೋಗ್ರಿ" ಎಂದು ಪರಸವ್ವ ಅಂದಳು, ನನ್ನ ಮುಖ ನೋಡದೆ. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಆಮ್ರಪಾಲಿ ಬಸ್ಸಿನವರೆಗೆ ಬಂದಳು. ಬಸ್ ಹತ್ತುವಾಗ, "ನಮ್ಮಪ್ಪನ ಮ್ಯಾಲ ಯಾರೂ ಕೈ ಎತ್ತಿದ್ದಿಲ್ರಿ ಆಪಾ," ಎಂದಳು. ಅಷ್ಟೇ ಅಂದಳು.

ಹೊಡೆದದ್ದಕ್ಕೆ ನನಗೆ ಪಶ್ಚಾತ್ತಾಪವಿರಲಿಲ್ಲ. ಇನ್ನೊಮ್ಮೆ ಆ ಕೊಳವೆ ಸೂರ್ಯನಿಗೆ ಎದ್ದರೆ ಇನ್ನೊಮ್ಮೆ ಹೊಡೆಯುತ್ತಿದ್ದೆ. ನನ್ನ ಸಿಟ್ಟೆಲ್ಲ ನನ್ನ ಮೇಲೆಯೇ ಇತ್ತು. ಮಾತು ಕೇಳದ ಮನುಷ್ಯನಿಗೆ ತಯಾರು ಮಾಡೋಣ ಎಂದು ಜಂಭ ಕೊಚ್ಚಿದವಳು ನಾನೇ. ಆ ಮನುಷ್ಯ ದಿನವೂ ಬಿಸಿಲಿಗೆ ಎತ್ತುವ ಕೊಳವೆಯಂಥದ್ದೇ ಕೊಳವೆಯನ್ನು ಅವರ ಕೈಗೆ ಕೊಟ್ಟು, ಮೇಲೆ ನೋಡಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದವಳೂ ನಾನೇ! ಬಸ್ಸಿನ ಕಿಟಕಿಗೆ ತಲೆ ಆನಿಸಿ ತಿಕೋಟಾದವರೆಗೂ ನನ್ನನ್ನು ನಾನೇ ಬೈದುಕೊಂಡೆ.

ಬ್ರಿಕ್ಸ್ ಮೀಟರಿನ ಮಬ್ಬು ಮುಚ್ಚಳ ಕಣ್ಣ ಮುಂದೆಯೇ ನಿಂತಿತ್ತು. ಮರುದಿನ ಕೆಟ್ಟುಹೋದ ಎಲ್‌ಇಡಿ ಬಲ್ಬಿನ ಹಾಲುಬಣ್ಣದ ಬುರುಡೆ ಕತ್ತರಿಸಿ, ಹೊಸ ಕೊಳವೆಯ ಸೀಳಿನ ಮುಂದೆ ಕೂರಿಸಿ, ಸುತ್ತಲೂ ಅಂಟು ತುಂಬಿದೆ. ಈಗ ಸೂರ್ಯ ಆ ಬುರುಡೆಯನ್ನಷ್ಟೇ ಬೆಳಗುತ್ತಾನೆ. ಕಣ್ಣಿಗೆ ಬರುವುದು ಬಿಳಿ ಗೋಡೆಯಂಥ ಬೆಳಕು. ಮೊದಲು ಮೊಬೈಲಿನ ಕ್ಯಾಮೆರಾ ಇಟ್ಟು ನೋಡಿದೆ, ಆಮೇಲೆ ನನ್ನ ಕಣ್ಣಿಟ್ಟೆ. ಕರಿ ಗೆರೆಗಳು ಸ್ಪಷ್ಟವಾಗಿದ್ದವು. ಹೇಗೆ ಹಿಡಿದರೂ, ಯಾರು ಹಿಡಿದರೂ, ಎಷ್ಟೇ ಹಟಮಾರಿ ಹಿಡಿದರೂ ಏನೂ ಆಗದು. ಮಾಡಿ ಮುಗಿಸಿದೆ, ಆದರೆ ಕೊಂಡೊಯ್ದು ಕೊಡುವ ಮುಖ ನನಗಿರಲಿಲ್ಲ. ಆಮ್ರಪಾಲಿಯೂ ಅಂಗಡಿಯ ಕಡೆ ಸುಳಿಯಲಿಲ್ಲ. ಕೊಳವೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು.

ದ್ರಾಕ್ಷಿ ಕಟಾವು ಮುಗಿದ ಮೇಲೆ ಒಂದು ದಿನ ಬಾಗಿಲಲ್ಲಿ ರುಮಾಲು ಕಾಣಿಸಿತು. ರಾಯಪ್ಪ ಕಾಕಾ. ಅಮ್ಮಿ ನನ್ನ ಮುಖ ನೋಡಿ, ಏನೂ ಕೇಳದೆ ಚಹಾಕ್ಕೆ ಒಳಗೆ ಹೋದಳು. ಕಾಕಾ ಗಿರಾಕಿಗಳ ಕುರ್ಚಿಯಲ್ಲಿ ಕುಳಿತರು.

"ಕಣ್ಣು ತೋರಸಾಕ ಬಂದೀರೇನ್ರಿ ಕಾಕಾ?" ಎಂದೆ.

"ಕಣ್ಣು ಚಲೋ ಐತಿ. ಆ ಕೊಳವಿ ಮತ್ತ ಮಾಡೀಯೇನು?"

ಧೂಳು ಒರೆಸಿ ಕೊಟ್ಟೆ. ಅವರು ಎದ್ದು ರಸ್ತೆಯ ಬಿಸಿಲಿಗೆ ಹೋದರು. ನನ್ನ ಮಾತಿಗೆ ಕಾಯದೆ, ಕೊಳವೆಯನ್ನು ನೇರ ಸೂರ್ಯನಿಗೆ ಎತ್ತಿ ಕಣ್ಣಿಟ್ಟರು. ನನ್ನ ಬಲಗೈ ತಾನಾಗಿಯೇ ಎದ್ದಿತು. ಅದನ್ನು ಓಢಣಿಯೊಳಗೆ ಸುತ್ತಿ ಹಿಡಿದುಕೊಂಡು ಹಿಂದೆಯೇ ನಿಂತೆ.

"ಹಳದಿ ಒಳಗ ಒಂದ ಕರೀ ಗೆರಿ ಐತಲ್ಲ?"

"ಉಪ್ಪಿನ ಗೆರಿ ಅದು ಕಾಕಾ."

"ಸಕ್ಕರಿ?"

"ಸಕ್ಕರಿ ಇಲ್ರಿ ಅಲ್ಲಿ. ಅದೆಲ್ಲಾ ನಿಮ್ಮ ಬಳ್ಳಿ ಮಾಡತಾವ."

"ಹಂಗಾರ ಶುಗರ್ ಸೊನ್ನಿ," ಎಂದು ನಕ್ಕರು. ಮತ್ತೆ ನೋಡಿದರು. ಒಂದು ಟಂಟಂ ಆಟೋ ಹಾರ್ನ್ ಹೊಡೆಯುತ್ತ ಪಕ್ಕದಿಂದ ಹೋಯಿತು, ಅವರು ಅಲುಗಲಿಲ್ಲ. ಕಣ್ಣು ತೆಗೆಯದೆಯೇ ಮಾತಾಡಿದರು.

"ಆವತ್ತು, ಈ ಎಡಗಣ್ಣು ಹೋದ ದಿನ, ತಂತಿ ಜಗ್ಗೂವಾಗ ಆಳುಮಂದಿ ಸುತ್ತ ನಿಂತಿದ್ದರು ಯವ್ವಾ. ತಂತಿ ಎಳಿ ಬಿಚ್ಚಾಕತ್ತಿದ್ದು ಅವರಿಗೆ ಕಂಡಿತ್ತು. ಆಮ್ಯಾಲ ದವಾಖಾನ್ಯಾಗ ಒಬ್ಬಾಂವ ಅಳತಾ ಹೇಳಿದ. ಮಾಲಕಗ ಹೆಂಗ ಹೇಳೂದಂತ ಸುಮ್ಮ ನಿಂತೆವ್ರಿ ಅಂದ. ಮಾತು ಕೇಳೂ ಮನಷ್ಯಾ ಅಲ್ಲ ನಾ, ಅಂಜಿಕಿ ಇತ್ತು ಅವರಿಗೆ." ಕೊಳವೆ ಇಳಿಸಿ ನನ್ನನ್ನು ನೋಡಿದರು. "ಅವರೊಳಗ ಒಬ್ಬಾಂವರೆ ನಿನ್ನಂಗ ನನ್ನ ಕಪಾಳಕ್ಕ ಬಡದಿದ್ದರ, ಇವತ್ತ ಎರಡೂ ಕಣ್ಣು ಇರ್ತಿದ್ದೂ."

ನನಗೆ ಅಳು ಬಂತು. ಅಥಣಿ ರಸ್ತೆಯ ನಡುಮಧ್ಯಾಹ್ನ, ಹೋಗಿ ಬರುವವರ ಎದುರಿಗೆ, ಓಢಣಿ ಬಾಯಿಗೊತ್ತಿಕೊಂಡು ಅತ್ತೆ. ಕಾಕಾ ರಸ್ತೆಯ ಕಡೆ ಬೆನ್ನು ಮಾಡಿ ನನಗೆ ಮರೆಯಾಗಿ ನಿಂತರು. ಆಮೇಲೆ ಕೊಳವೆಯನ್ನು ಒರೆಸಿ ಕಿಸೆಗೆ, ಬ್ರಿಕ್ಸ್ ಮೀಟರಿನ ಪಕ್ಕಕ್ಕೆ ಇಳಿಸಿದರು.

"ಐತವಾರ ಬಾ. ಆಮ್ರಪಾಲಿ ಸಾಲಿ ಹುಡುಗೂರನ್ನೆಲ್ಲಾ ಪಡಕ್ಕ ಕರಕೊಂಡು ಬರಾಕತ್ತಾಳ, ಸೂರ್ಯಾನ ತೋರಸಾಕ. ನೀ ಬಾಜೂಕ ನಿಂದರಬೇಕು."

"ಎಲ್ಲಾ ಗೊತ್ತೈತಲ್ರಿ ಅಕಿಗೆ. ನಾ ಯಾಕ?"

"ಬಡಿಯಾಕ," ಎಂದರು ಕಾಕಾ.